ಒಂದು ಪಾನ ಹೆಚ್ಚು ಬಂದ ರಾತ್ರಿ

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಕತೆ ಕಟ್ಟುವಷ್ಟು ಜಾಣತನ ನನಗಿಲ್ಲ. ಆ ರಾತ್ರಿ ನನ್ನ ಜೊತೆ ಕೆಲಸಕ್ಕಿದ್ದ ರುದ್ರಣ್ಣ ಮಾಯಕೊಂಡದವನು, ಈಗಲೂ ಅಲ್ಲೇ ಇದ್ದಾನೆ. ಆದರೆ ಈ ವಿಷಯ ತೆಗೆದರೆ ಎದ್ದು ಹೋಗುತ್ತಾನೆ. ಹಾಗಾಗಿ ನಾನೇ ಹೇಳಬೇಕು.

ನನ್ನ ಹೆಸರು ಹಾಲೇಶ, ಊರು ಹರಿಹರ. ಪಂಪು, ಪೈಪು ಬಿಚ್ಚಿ ಜೋಡಿಸುವುದು ನನ್ನ ಕೆಲಸ. ದಾವಣಗೆರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ಜಾಗವಿದೆ. ಎತ್ತರದ ಗೋಡೆ, ಗೋಡೆಯ ಮೇಲೆ ಮುಳ್ಳುತಂತಿ, ಗೇಟಿನಲ್ಲಿ ಬಂದೂಕಿನ ಕಾವಲು. ಅದು ಯಾವುದು ಎಂದು ಕೇಳಬೇಡಿ. ಒಳಗೆ ಏನೇನಿದೆಯೋ ನನಗೂ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಅದರ ಹೊಲಸು ನೀರಿನ ಬಾವಿ ಮಾತ್ರ.

ಅಲ್ಲಿನ ಕಟ್ಟಡಗಳ ಹೊಲಸೆಲ್ಲ ಹರಿದು ಆ ಬಾವಿಗೆ ಬೀಳುತ್ತಿತ್ತು. ಪಂಪು ಅದನ್ನು ಎತ್ತಿ ಹೊರಗಿನ ದೊಡ್ಡ ಲೈನಿಗೆ ತಳ್ಳುತ್ತಿತ್ತು. ಹಳೇ ಕಾಲದ ಪಂಪು. ಬಟ್ಟೆ ಚೂರು ಸಿಕ್ಕಿಕೊಂಡರೂ ನಿಂತುಬಿಡುತ್ತಿತ್ತು. ಆಗ ಮನುಷ್ಯನೇ ಇಳಿದು ಬಿಡಿಸಬೇಕು. ಇಳಿಯಬಾರದು ಎಂದು ಕಾನೂನು ಇದೆ. ಆದರೂ ಇಳಿಯುತ್ತಿದ್ದೆವು, ನಾನು ಮತ್ತು ನನ್ನ ತಮ್ಮ ಕರಿಬಸ.

ಅವ್ವ ಉಕ್ಕಡಗಾತ್ರಿಯ ಅಜ್ಜಯ್ಯನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು, ಅದಕ್ಕೇ ಆ ಅಜ್ಜಯ್ಯನ ಹೆಸರನ್ನೇ ಇಟ್ಟಿದ್ದು. ನಗುಮುಖದ ಹುಡುಗ. ವಾಸನೆಗೆಂದು ಯಾವಾಗಲೂ ಬಾಯಲ್ಲಿ ಸೋಂಪು ಹಾಕಿಕೊಂಡಿರುತ್ತಿದ್ದ. ನನ್ನ ಅಂಗೈ ಬೆವರುತ್ತದೆ, ಕೈಯಲ್ಲಿ ಹಿಡಿದದ್ದು ಜಾರುತ್ತದೆ. ಅದಕ್ಕೆ ನಟ್ಟು ಬಿಚ್ಚುವ ನನ್ನ ಪಾನದ ಹಿಡಿಗೆ ಅವನೇ ಹಳದಿ ಟೇಪು ಸುತ್ತಿ ಕೊಟ್ಟಿದ್ದ. "ತಗಾ ಅಣ್ಣ, ಇನ್ನು ಬೀಳಿಸಿದ್ರೆ ನಿನ್ ಕೈನೇ ಬದಲಿ ಮಾಡ್ಬೇಕು" ಅಂದಿದ್ದ.

ಅಲ್ಲಿ ಎರಡು ಕಟ್ಟಳೆ ಇದ್ದವು.

ಒಂದು ಗೇಟಿನದು. ಒಳಗೆ ಒಯ್ದ ಸಾಮಾನೆಲ್ಲ ಕಾವಲಿನವರು ಎಣಿಸುತ್ತಾರೆ. ಹೊರಗೆ ಬರುವಾಗ ಮತ್ತೆ ಎಣಿಸುತ್ತಾರೆ. ಒಂದು ಪಾನ ಕಮ್ಮಿಯಾದರೂ ಗೇಟು ತೆರೆಯುವುದಿಲ್ಲ.

ಇನ್ನೊಂದು ನಮ್ಮದೇ. ಬಾವಿಯೊಳಗೆ ಇಳಿದವನ ಮಾತು ಅಕ್ಕಪಕ್ಕದ ಪಂಪುಗಳ ಸದ್ದಿಗೆ ಮೇಲೆ ಕೇಳುವುದಿಲ್ಲ. ಅದಕ್ಕೆ ಅವನು ಕಬ್ಬಿಣದ ಪೈಪಿಗೆ ಬಡಿಯಬೇಕು. ಒಂದು ಸಲ ಬಡಿದರೆ ಚೆನ್ನಾಗಿದ್ದೇನೆ ಎಂದು. ಮೂರು ಸಲ ಬಡಿದರೆ ಮೇಲೆ ಎಳಿ ಎಂದು. ಹಗ್ಗ ಹಿಡಿದು ಮೇಲೆ ನಿಂತವನು ತಾನೂ ಬಡಿದು ಉತ್ತರ ಕೊಡಬೇಕು. ಕರಿಬಸ ಅದರಲ್ಲೂ ಕೀಟಲೆ ಮಾಡುವವನು. ಸುಮ್ಮಸುಮ್ಮನೆ ಮೂರು ಸಲ ಬಡಿದು, ನಾನು ಗಾಬರಿಯಿಂದ ಎಳೆದರೆ ಕೆಳಗಿನಿಂದ ಹಲ್ಲು ಕಿರಿಯುತ್ತಿದ್ದ.

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಆ ದಿನ ನಮಗೆ ಇಳಿಯುವ ಕೆಲಸವೇ ಇರಲಿಲ್ಲ. ಮಲೆಬೆನ್ನೂರಿನಲ್ಲಿ ಕರಿಬಸನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಬಾವಿಯ ಮುಚ್ಚಳ ಆಗಷ್ಟೇ ಸರಿಸಿ, ಬಾವಿಯ ಬಾಯಲ್ಲೇ ಪೈಪಿನ ಕೊನೆಯ ನಟ್ಟು ಬಿಗಿ ಮಾಡುತ್ತಿದ್ದೆ. ಪಾನ ಜಾರಿತು... ಸ್ವಲ್ಪ ಹೊತ್ತಿಗೆ ಕೆಳಗೆ ಬುಳುಕ್ ಅಂದಿತು.

"ಅಣ್ಣ, ಕೈಯಾಗೆ ಬೆಣ್ಣೆ ಹಚ್ಕಂಡೀಯೇನು?" ಎಂದು ನಕ್ಕ. ನನಗೆ ಸಿಟ್ಟು ಬಂತು.

"ಬಾಯಿ ಮುಚ್ಚು. ನಾನೇ ಇಳಿತೀನಿ."

"ಬ್ಯಾಡ, ನಿನ್ ಮೊಣಕಾಲು ನೋಯ್ತಾ ಐತೆ. ನಾನು ಹೋಗಿ ಬರ್ತೀನಿ. ಹೆಂಗೂ ಮನೀಗೆ ಹೋಗಿ ಜಳಕ ಮಾಡೋದೇ ಐತಲ್ಲ."

ಮುಚ್ಚಳ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಡಬೇಕು. ನಾನು ಹೇಳಿದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. "ಅಲ್ಲೀತನಕ ಕಾದ್ರೆ ಹೆಣ್ಣಿನವ್ರು ಉಂಡು ಮಲಗಿರ್ತಾರೆ" ಎಂದು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದೇಬಿಟ್ಟ.

ಹಗ್ಗದ ತುದಿ ನನ್ನ ಕೈಯಲ್ಲಿ ಇರಬೇಕಿತ್ತು. ನಾನು ಅದನ್ನು ಕಂಬಿಗೆ ಸುತ್ತಿ, ಮುಖ ತಿರುಗಿಸಿಕೊಂಡು ದೂರ ಹೋಗಿ ಕುಳಿತೆ. ಬೆಣ್ಣೆಯ ಮಾತಿಗೆ ಸಿಟ್ಟು... ಅಷ್ಟೇ ಕಾರಣ.

ಟಕ್ ಎಂದು ಒಂದು ಬಡಿತ ಕೇಳಿತು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು, ಪಾನ ಸಿಕ್ಕಿದೆ ಎಂದು ತಿಳಿಯಿತು. ನಾನು ಉತ್ತರ ಕೊಡಲಿಲ್ಲ.

ಆಮೇಲೆ ಟಕ್, ಟಕ್, ಟಕ್.

ಮತ್ತೆ ಕೀಟಲೆ ಎಂದುಕೊಂಡೆ. ಕರೀಲಿ, ಸ್ವಲ್ಪ ಹೊತ್ತು ಇರಲಿ ಎಂದುಕೊಂಡೆ. ಇನ್ನೊಂದು ಸಲ ಮೂರು ಬಡಿತ ಬಂತು. ಈ ಸಲ ಬಹಳ ನಿಧಾನ. ಮೂರನೆಯದು ಬಡಿತವೋ ಸವರಿದ್ದೋ ತಿಳಿಯದಷ್ಟು ಮೆತ್ತಗೆ...

ನಾನು ಎದ್ದು ಓಡಿ ಹಗ್ಗ ಎಳೆದಾಗ ಅದು ತುಂಬಾ ಭಾರವಿತ್ತು. ವಿಷಗಾಳಿ ಎಂದರು. ಅವನ ಮುಷ್ಟಿ ಬಿಗಿಯಾಗಿತ್ತು, ಒಳಗೆ ಪಾನ ಇರಲಿಲ್ಲ.

ಸಾಮಾನು ಎಣಿಸಿದ ಗೇಟಿನ ಜಮಾದಾರರು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು. "ಯಾರ್ದಪ್ಪ ಪಾನ ಬಿದ್ದಿದ್ದು?"

"ಅವಂದೇ ಸಾರ್" ಅಂದೆ. "ಅವನೇ ಬೀಳಿಸ್ಕಂಡ. ಬ್ಯಾಡ ಅಂದ್ರೂ ಕೇಳಲಿಲ್ಲ, ಇಳಿದ."

ಅದೇ ಮಾತು ಊರೆಲ್ಲ ಆಯಿತು. ಹುಡುಗಾಟದ ಹುಡುಗ, ಕೈಯಾರೆ ಸಾವು ತಂದುಕೊಂಡ ಎಂದರು. ಅವ್ವ ಪ್ರತಿ ಅಮಾವಾಸ್ಯೆ ಉಕ್ಕಡಗಾತ್ರಿಗೆ ಹೋಗಿ, ಸತ್ತ ಮಗನ ತಪ್ಪನ್ನು ಕ್ಷಮಿಸು ಎಂದು ಬೇಡಿಕೊಂಡು ಬರತೊಡಗಿದಳು. ಅವಳನ್ನು ಬಸ್ಸು ಹತ್ತಿಸುತ್ತಿದ್ದವನು ನಾನೇ.

ಹೋದ ವರ್ಷ ಆ ಹಳೇ ಬಾವಿಯನ್ನು ಮುಚ್ಚಿ, ಪಕ್ಕದಲ್ಲಿ ಹೊಸ ಬಾವಿ, ಹೊಸ ಪಂಪು ಹಾಕುವ ಕೆಲಸ ಬಂತು. ಗುತ್ತಿಗೆದಾರರು ಕರೆದರು. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಅದನ್ನು ಮಣ್ಣು ಹಾಕಿ ಮುಚ್ಚುವುದನ್ನು ಕಣ್ಣಾರೆ ನೋಡಬೇಕೆನಿಸಿತು, ಹೋದೆ.

ರಾತ್ರಿ ಹೊತ್ತು ಒಳಗೆ ನೀರಿನ ಬಳಕೆ ಕಮ್ಮಿ. ಅದಕ್ಕೆ ಹಳೇ ಲೈನು ಕಡಿದು ಹೊಸದಕ್ಕೆ ಜೋಡಿಸುವ ಕೆಲಸ ರಾತ್ರಿಯೇ ಆಗಬೇಕು. ಮೊದಲು ಎಂಜಿನಿಯರ್ ಸಾಹೇಬರು ಹೊಸ ಪಂಪನ್ನು ಪರೀಕ್ಷೆ ಮಾಡಿ ತೋರಿಸಿದರು. ಗುಂಡಿ ಒತ್ತಿದರೆ ಸಾಕು, ಸರಪಳಿ ಸುತ್ತಿಕೊಂಡು ಪಂಪು ತಾನಾಗಿ ಕಂಬಿಯ ಗುಂಟ ಮೇಲೆ ಬಂತು.

"ನೋಡ್ರಿ, ಇನ್ನು ಯಾರೂ ಕೆಳಗೆ ಇಳಿಯೋದು ಬೇಕಾಗಿಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಕಬ್ಬಿಣದ ಯಂತ್ರವನ್ನು ಎಷ್ಟು ಜೋಪಾನವಾಗಿ ಮೇಲೆ ಎಳೆಯುತ್ತಾರೆ...

ಸಾಹೇಬರು ಹೋದ ಮೇಲೆ ಹಳೇ ಬಾವಿಯ ಹತ್ತಿರ ಉಳಿದವರು ನಾನು, ರುದ್ರಣ್ಣ ಇಬ್ಬರೇ. ಯಂತ್ರದಿಂದ ಬಾವಿಯ ನೀರನ್ನೆಲ್ಲ ಹೀರಿ ತೊಳೆದಿದ್ದರು. ಟಾರ್ಚು ಬಿಟ್ಟರೆ ತಳದ ಸಿಮೆಂಟು ಕಾಣುತ್ತಿತ್ತು. ಹಳೇ ಪೈಪು ಮಾತ್ರ ಇನ್ನೂ ನಿಂತಿತ್ತು. ಪಂಪುಗಳೆಲ್ಲ ಬಂದ್ ಆಗಿದ್ದವು. ಆ ಜಾಗದಲ್ಲಿ ಅಂಥ ಮೌನವನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಮೊದಲು ಬಂದದ್ದು ವಾಸನೆ. ಹೊಲಸಿನದಲ್ಲ, ಸೋಂಪಿನದು. ಬಾಯಲ್ಲಿ ಅಗಿದ ಹಸಿ ಸೋಂಪು.

"ರುದ್ರಣ್ಣ, ಸೋಂಪು ತಿಂತಿದೀಯಾ?"

"ಈ ನಾತದಾಗೆ ಸೋಂಪು ಬೇರೆ ತಿಂತಾರೇನೋ ಮಾರಾಯ. ಬೇಕಿದ್ರೆ ಎಲೆ ಅಡಿಕೆ ಕೊಡ್ತೀನಿ, ಸುಮ್ನೆ ಕೆಲಸ ನೋಡು."

ಟಕ್.

ರುದ್ರಣ್ಣನ ಕೈ ನಿಂತಿತು. "ಪೈಪು ತಣ್ಣಗಾಗ್ತಾ ಐತೆ. ಕಬ್ಬಿಣ ಹಂಗೇ ಸದ್ದು ಮಾಡ್ತೈತೆ" ಅಂದ. ನಾನು ಕೇಳದಿದ್ದರೂ ಅಂದ.

ಟಕ್... ಟಕ್... ಟಕ್.

ಪೈಪಿನ ಮೇಲಿದ್ದ ನನ್ನ ಅಂಗೈಗೆ ಆ ಬಡಿತ ಗೊತ್ತಾಯಿತು. ಅದು ಕೆಳಗಿನಿಂದ ಬಂದಿತ್ತು. ರುದ್ರಣ್ಣ ಟಾರ್ಚು ಬಿಟ್ಟ. ಬರೀ ಸಿಮೆಂಟು. ಇಲಿಯೂ ಇಲ್ಲ.

"ಹಾಲೇಶಿ, ಯಾಕ ಅಳ್ತಿದೀಯ? ಏಳು, ಹೋಗಣ" ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದ. ಉತ್ತರವಾಗಿ ಒಂದು ಸಲ ಬಡಿಯಬೇಕೆಂದು ನನಗೆ ಆಸೆಯಿತ್ತು, ದೇವರಾಣೆ. ಕೈ ಬರಲಿಲ್ಲ. ಎರಡನೇ ಸಲವೂ ನಾನು ಅವನಿಗೆ ಉತ್ತರ ಕೊಡಲಿಲ್ಲ.

ಸಾಮಾನನ್ನೆಲ್ಲ ಕತ್ತಲಲ್ಲೇ ಚೀಲಕ್ಕೆ ತುಂಬಿಕೊಂಡು ಗೇಟಿಗೆ ಬಂದೆವು. ಅದೇ ಜಮಾದಾರರು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ರಿಟೈರ್ ಆಗಲು ಹತ್ತಿರ. ಸಾಮಾನನ್ನು ಬೆಂಚಿನ ಮೇಲೆ ಒಂದೊಂದಾಗಿ ಜೋಡಿಸಿ ಎಣಿಸಿದರು. ನಿಂತರು. ಮತ್ತೆ ಎಣಿಸಿದರು.

"ಒಂದು ಹೆಚ್ಚು ಐತಲ್ಲಪ್ಪ. ಕಮ್ಮಿ ಬಂದಿದ್ದು ನೋಡೀನಿ, ಹೆಚ್ಚು ಬಂದಿದ್ದು ಇದೇ ಮೊದಲು."

ದೀಪದ ಕೆಳಗೆ ಸಾಲಿನ ಕೊನೆಯಲ್ಲಿ ಅದು ಇತ್ತು. ಹಳದಿ ಟೇಪು ಸುತ್ತಿದ ಪಾನ. ತುಕ್ಕಿಲ್ಲ, ಕೆಸರಿಲ್ಲ. ಟೇಪಿನ ಕೊನೆಯನ್ನು ಹಲ್ಲಿನಿಂದ ಕಚ್ಚಿ ಹರಿದ ಗುರುತು ಕೂಡ ಹಾಗೇ ಇತ್ತು. ಮುಟ್ಟಿದೆ. ಯಾರೋ ಈಗಷ್ಟೇ ಹಿಡಿದಿದ್ದು ಬಿಟ್ಟಂತೆ ಬೆಚ್ಚಗಿತ್ತು...

"ಯಾರ್ದಪ್ಪ ಇದು?" ಎಂದರು ಜಮಾದಾರರು. ಅವತ್ತು ಕೇಳಿದ್ದ ಧ್ವನಿಯಲ್ಲೇ ಕೇಳಿದರು.

ರುದ್ರಣ್ಣ ನನ್ನ ಮುಖ ನೋಡಿದ.

"ನಂದು ಸಾರ್" ಅಂದೆ. "ಅವತ್ತು ಬೀಳಿಸಿದ್ದು ನಾನು. ಅವನಲ್ಲ."

ಒಳಗೆ ಬಾರದ ಸಾಮಾನು ಹೊರಗೆ ಹೋಗುವಂತಿಲ್ಲ. ಜಮಾದಾರರು ಪಾನವನ್ನು ತಮ್ಮ ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟರು. "ಇದನ್ನ ನನಗೆ ಹೇಳಿ ಏನು ಬಂತಪ್ಪ? ನಿಮ್ಮವ್ವಗೆ ಹೇಳು, ಹೋಗು" ಅಂದರು.

ಬೆಳಿಗ್ಗೆ ಹೇಳಿದೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಪಾನ ಬಿದ್ದದ್ದು, ಬಡಿತ ಕೇಳಿಯೂ ನಾನು ಕೂತದ್ದು, ಸುಳ್ಳು ಹೇಳಿದ್ದು ಎಲ್ಲ ಹೇಳಿದೆ. ಮೊರ ಕೆಳಗಿಟ್ಟಳು.

"ಅಮಾಸಿ ಅಮಾಸಿಗೆ ಹೋಗಿ, ನನ್ ಮಗಂದು ತಪ್ಪಾತು ಅಂತ ಅಡ್ಡ ಬಿದ್ದು ಬಂದೆನಲ್ಲೋ... ನೀನೇ ನನ್ನ ಬಸ್ ಹತ್ತಿಸ್ತಿದ್ದೆಲ್ಲೋ..."

ಅಷ್ಟೇ. ಅಡುಗೆ ಮಾಡಿ ಮುಚ್ಚಿಟ್ಟಳು, ನನಗೆ ಬಡಿಸಲಿಲ್ಲ.

ಮರುದಿನ ದೀಪ ಹಚ್ಚುವ ಹೊತ್ತು. ನಮ್ಮ ಓಣಿಗೆ ಅವತ್ತು ನೀರು ಬಿಡುವ ದಿನವಲ್ಲ. ಹಿತ್ತಲಿನ ನಲ್ಲಿಯ ಪೈಪಿನಲ್ಲಿ ಸದ್ದಾಯಿತು.

ಟಕ್... ಟಕ್... ಟಕ್.

ನಾನು ಗೋಡೆಗೆ ಒರಗಿ ಕೂತಲ್ಲೇ ಕಲ್ಲಾದೆ. ದೀಪದ ಬತ್ತಿ ಸರಿ ಮಾಡುತ್ತಿದ್ದ ಅವ್ವ ತಿರುಗಿ ನೋಡದೆ ಮಾತಾಡಿದಳು. ಆ ಬೆಳಗಿನ ನಂತರ ನನ್ನೊಡನೆ ಆಡಿದ ಮೊದಲ ಮಾತು.

"ಕೇಳ್ಲಿಲ್ಲೇನು? ಈಗಲಾದ್ರೂ ಉತ್ತರ ಕೊಡು."

ಸೌಟು ತೆಗೆದುಕೊಂಡು ಹೋಗಿ ಪೈಪಿಗೆ ಒಂದು ಸಲ ಬಡಿದೆ. ಸದ್ದು ನಿಂತಿತು. ಹಿತ್ತಲ ತುಂಬ ಸೋಂಪಿನ ವಾಸನೆ.

ಪೈಪಿನಲ್ಲಿ ಗಾಳಿ ಸೇರಿಕೊಂಡರೆ ಹಾಗಾಗುತ್ತದೆ ಎಂದು ಓಣಿಯವರು ಹೇಳುತ್ತಾರೆ. ಇರಬಹುದು. ರುದ್ರಣ್ಣ ಒಂದು ದಿನ ಮನೆಗೆ ಬಂದು, "ಇವನ್ನ ಉಕ್ಕಡಗಾತ್ರಿಗೆ ಕರ್ಕಂಡು ಹೋಗವ್ವ, ಅಜ್ಜಯ್ಯ ಎಂಥೆಂಥಾ ಗಾಳೀನೋ ಬಿಡಿಸ್ಯಾನೆ" ಅಂದ. ಅವ್ವ ಅವನ ಮುಂದೆ ಚಹಾದ ಲೋಟ ಕುಕ್ಕಿ ಇಟ್ಟಳು. "ಬಿಡಿಸ್ಕಂಡು ಬರಾಕೆ ಅದೇನು ದೆವ್ವಾನಾ? ನನ್ ಮಗ" ಅಂದಳು.

ಹಳೇ ಬಾವಿಗೆ ಮಣ್ಣು ಹಾಕಿ, ಮೇಲೆ ಕಾಂಕ್ರೀಟು ಸುರಿದಾಗಿದೆ. ಬಡಿತ ಈಗಲೂ ಬರುತ್ತದೆ. ಕೆಲವೊಮ್ಮೆ ವಾರಗಟ್ಟಲೆ ಇಲ್ಲ, ಕೆಲವೊಮ್ಮೆ ದಿನವೂ. ಬಂದಾಗಲೆಲ್ಲ ನಾನು ಎದ್ದು ಹೋಗಿ ಒಂದು ಸಲ ಬಡಿಯುತ್ತೇನೆ. ಅವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ.

ಆದರೆ ಅವನು ಒಂದು ಬಡಿತ ಬಡಿಯುವುದೇ ಇಲ್ಲ. ಯಾವಾಗಲೂ ಮೂರು. ಮೂರು ಎಂದರೆ ಮೇಲೆ ಎಳಿ ಎಂದು.

ಹಗ್ಗವನ್ನು ನಾನು ಎಲ್ಲಿಗೆ ಇಳಿಬಿಡಲಿ?