ಬಂದರಿನ ಒಳಗೇ ಮುಗಿದ ಹಬ್ಬ

ಫ್ರೀಮಾಂಟಿನಲ್ಲಿ ನಮ್ಮ ಪಕ್ಕದ ಮನೆಯವರು ಸ್ಪೇನ್ ದೇಶದ ಒಬ್ಬ ಅಜ್ಜಿ. ಅಲ್ಲಿನ ಉತ್ತರ ಕರಾವಳಿಯ ಮೀನುಗಾರರ ಊರೊಂದರಿಂದ ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ನನ್ನ ಮಗಳು ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ತೆಗೆದುಕೊಂಡ ಮೇಲೆ ಮಾತಾಡಿ ಅಭ್ಯಾಸ ಮಾಡಲು ಅವರ ಮನೆಗೆ ಹೋಗತೊಡಗಿದಳು. ಮೊದಮೊದಲು ವಾರಕ್ಕೊಂದು ಸಲ, ಆಮೇಲೆ ದಿನವೂ. ಬೇಲಿಯಾಚೆ ಅವಳು ಗಂಟೆಗಟ್ಟಲೆ ನಗುತ್ತ ಹರಟುವುದು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು. ಮನೆಗೆ ಬಂದಾಗ ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ‘ಫೈನ್’ ಎಂದು ರೂಮಿಗೆ ಹೋಗುತ್ತಿದ್ದಳು. ಈ ಕಥೆಯಲ್ಲಿ ನಾನು ಸಿಕ್ಕಿಹಾಕಿಕೊಂಡದ್ದು ಆ ಹೊಟ್ಟೆಕಿಚ್ಚಿನಿಂದಲೇ ಇರಬೇಕು.

ಒಂದು ಭಾನುವಾರ ಮಗಳನ್ನು ಕರೆಯಲು ಹೋದಾಗ ಅಜ್ಜಿ ತಮ್ಮೂರಿನ ಹಬ್ಬದ ಮಾತು ತೆಗೆದಿದ್ದರು. ಜುಲೈ ನಡುವೆ, ಮೀನುಗಾರರನ್ನು ಕಾಯುವ ಮೇರಿ ಮಾತೆಯ ಹಬ್ಬ. ಚರ್ಚಿನಿಂದ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಬಂದರಿಗೆ ತಂದು ಒಂದು ದೋಣಿಯಲ್ಲಿ ಕೂರಿಸುತ್ತಾರೆ. ಅದು ಯಾರ ದೋಣಿ ಎಂದು ಮೊದಲೇ ಚೀಟಿ ಎತ್ತಿರುತ್ತಾರೆ. ಉಳಿದ ದೋಣಿಗಳೆಲ್ಲ ಬಣ್ಣದ ಕಾಗದ ಕಟ್ಟಿಕೊಂಡು, ಹಾರ್ನ್ ಮೊಳಗಿಸುತ್ತ ಹಿಂದೆ ಬರುತ್ತವೆ. ತೆರೆದ ಕಡಲಿಗೆ ಹೋದ ಮೇಲೆ ಎಂಜಿನ್ ನಿಲ್ಲಿಸಿ, ನೀರಿನಲ್ಲಿ ಸತ್ತವರ ಹೆಸರು ಓದಿ, ಹೂ ಬಿಡುತ್ತಾರೆ. ವಾಪಸು ಬಂದು ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುತ್ತಾರೆ, ಬೆಳಗಿನವರೆಗೂ ಕುಣಿಯುತ್ತಾರೆ. ಅಜ್ಜಿಯ ಅಣ್ಣ ಹತ್ತೊಂಬತ್ತನೇ ವಯಸ್ಸಿನಲ್ಲಿ ಕಡಲಿಗೆ ಹೋದವನು ಹಿಂದಿರುಗಲಿಲ್ಲ.

“ಇಲ್ಲೂ ಕಡಲಿದೆ,” ಎಂದು ಅಜ್ಜಿ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. “ಅವನ ಹೆಸರನ್ನು ಒಂದು ಸಲ ನೀರಿನ ಮೇಲೆ ಹೇಳಬೇಕು ಅಂತ ಆಸೆ.”

ಮಗಳು ನನ್ನ ಮುಖ ನೋಡಿದಳು. ಹಾಗೆ ಅವಳು ನನ್ನ ಕಡೆ ನೋಡಿ ಎಷ್ಟು ಕಾಲವಾಗಿತ್ತೋ. “ಮಾಡೋಣ ಬಿಡಿ, ನಾನು ನೋಡ್ಕೋತೀನಿ,” ಎಂದುಬಿಟ್ಟೆ. ಆಫೀಸಿನಲ್ಲಿ ನನ್ನ ಕೆಲಸವೇ ಹತ್ತು ಜನರಿಂದ ಕೆಲಸ ಮಾಡಿಸುವುದು. ಒಂದು ದೋಣಿ ಹೊರಡಿಸುವುದು ಏನು ಮಹಾ ಎಂದುಕೊಂಡೆ.

ಊರಿನ ಪಕ್ಕದ ಕೊಲ್ಲಿಯನ್ನು ಸೇತುವೆಯ ಮೇಲೆ ದಾಟಿ, ಗುಡ್ಡ ಹತ್ತಿ ಇಳಿದರೆ ಪೆಸಿಫಿಕ್ ದಡದಲ್ಲಿ ಒಂದು ಚಿಕ್ಕ ಬಂದರು ಸಿಗುತ್ತದೆ. ಅಲ್ಲಿನ ಕಚೇರಿಗೆ ಫೋನ್ ಮಾಡಿದೆ. ಒಂದೇ ದೋಣಿಯಾದರೆ ಅದು ಬಾಡಿಗೆ ದೋಣಿ, ಎರಡಾದರೆ ಮೆರವಣಿಗೆ. ಮೆರವಣಿಗೆಗೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು ಎಂದರು. ದಡದಲ್ಲಿ ಹಾಡು ಹಾಕಲು ಬೇರೆ ಅರ್ಜಿ. ಕೆಂಡಕ್ಕೆ ಬೇರೆ, ಅದೂ ಫೈರ್ ಡಿಪಾರ್ಟ್‌ಮೆಂಟಿಗೆ. ಎಲ್ಲದಕ್ಕೂ ಇನ್ಶೂರೆನ್ಸ್ ಪತ್ರ. ಹೂವಿನ ಹಾರದಲ್ಲಿ ತಂತಿ, ದಾರ, ಪ್ಲಾಸ್ಟಿಕ್ ಏನೂ ಇರಕೂಡದು. ಊಟದ ಬಿಡುವಿನಲ್ಲಿ, ಸೇತುವೆಯ ಟ್ರಾಫಿಕ್ಕಿನಲ್ಲಿ, ಮೀಟಿಂಗು ಮೀಟಿಂಗುಗಳ ನಡುವೆ ನಾನು ಅವರಿಗೆ ಫೋನ್ ಮಾಡುತ್ತಲೇ ಇದ್ದೆ. ಪ್ರತಿ ಸಲ ಬೇರೆ ಯಾರೋ ಎತ್ತುತ್ತಿದ್ದರು. ಪ್ರತಿ ಸಲ ನಾನು ಮೇರಿ ಮಾತೆಯಿಂದ ಶುರುಮಾಡಬೇಕಾಗುತ್ತಿತ್ತು.

ಜನರನ್ನು ಸೇರಿಸುವುದು ಇನ್ನೂ ಕಷ್ಟವಾಯಿತು. ನಮ್ಮ ಕನ್ನಡ ಗೆಳೆಯರ ಗುಂಪಿನಲ್ಲಿ ಕೇಳಿದೆ.

“ಪಾರ್ಕಿಂಗ್ ಇರುತ್ತಾ?” ಎಂದರು ಒಬ್ಬರು.

“ಅದು ಪೂಜೆನಾ, ಪಿಕ್ನಿಕ್ಕಾ? ಮಕ್ಕಳಿಗೆ ಏನು ಊಟ?” ಎಂದರು ಇನ್ನೊಬ್ಬರು.

ಬರುತ್ತೇವೆಂದು ಒಪ್ಪಿದ ನಾಲ್ಕು ಮನೆಯವರಲ್ಲಿ ಹಿಂದಿನ ದಿನದ ಹೊತ್ತಿಗೆ ಯಾರೂ ಉಳಿಯಲಿಲ್ಲ. ನನ್ನ ಗಂಡನಿಗೂ ಆಸ್ಪತ್ರೆಯ ಡ್ಯೂಟಿ ಬಂತು.

ಹಬ್ಬದ ದಿನ ಹೊರಟವರು ನಾವು ಮೂರೇ ಜನ. ಅಜ್ಜಿ ಕಪ್ಪು ಉಡುಪಿನ ಮೇಲೆ ಕಸೂತಿಯ ಶಾಲು ಹೊದ್ದು, ಮೇರಿ ಮಾತೆಯ ಒಂದು ಗೇಣಿನ ಮೂರ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಫ್ರೀಮಾಂಟಿನಲ್ಲಿ ಸುಡುವ ಬಿಸಿಲು. ಗುಡ್ಡ ಇಳಿಯುತ್ತಿದ್ದಂತೆ ಮಂಜು ಮುಚ್ಚಿ, ವೈಪರ್ ಹಾಕಬೇಕಾಯಿತು. ನಾನು ಬಾಡಿಗೆಗೆ ಗೊತ್ತುಮಾಡಿದ್ದ ದೋಣಿಯವನು ಬಂದರಿನಲ್ಲಿ ಜೇಬಿನಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದ.

“ಅಲೆ ದೊಡ್ಡದಿದೆ. ಬಂದರಿನ ತಡೆಗೋಡೆಯ ಆಚೆ ಇವತ್ತು ಹೋಗುವುದಿಲ್ಲ. ಒಳಗೇ ಒಂದು ಸುತ್ತು ಹಾಕಿಸುತ್ತೇನೆ,” ಎಂದ.

ನಾನು ವಾದ ಮಾಡಿದೆ. ಅವನು ಆಗದೆಂದು ತಲೆಯಲ್ಲಾಡಿಸಿದ. ಅವನು ಹೇಳಿದ್ದೇ ಸರಿ ಎಂದು ನನಗೂ ಗೊತ್ತಿತ್ತು. ಅದರಿಂದ ಸಿಟ್ಟು ಇನ್ನಷ್ಟು ಏರಿತು.

ಅಜ್ಜಿ ಕಾರಿನಿಂದ ಇಳಿಯಲೇ ಇಲ್ಲ. “ಗೋಡೆಯ ಒಳಗಿರುವುದು ಕಡಲಲ್ಲ. ಅದು ಬರೀ ಕಾರು ನಿಲ್ಲಿಸುವ ಜಾಗ,” ಎಂದರು.

“ಎರಡು ತಿಂಗಳು ಓಡಾಡಿದ್ದೇನೆ. ನನ್ನಿಂದ ಆಗೋದು ಇಷ್ಟೇ. ಬೇಕಾದರೆ ಬನ್ನಿ, ಇಲ್ಲದಿದ್ದರೆ ಮನೆಗೆ ಹೋಗೋಣ,” ಎಂದು ಸಿಡುಕಿದೆ. ಎಂಬತ್ತು ದಾಟಿದವರೊಂದಿಗೆ ಹಾಗೆ ಮಾತಾಡಿದ್ದು ನನಗೇ ಕೇಳಿಸಿತು.

ಮಗಳು ಹಿಂದಿನ ಸೀಟಿನಿಂದ ಅವರ ಹೆಗಲ ಮೇಲೆ ಕೈಯಿಟ್ಟಳು. ಇಬ್ಬರೂ ಸ್ಪ್ಯಾನಿಷ್‌ನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

“ಏನಂತಾರೆ? ನನಗೂ ಹೇಳೇ. ಕನ್ನಡದಲ್ಲಿ ಹೇಳು.”

ಅವಳು ಪದ ಹುಡುಕುತ್ತ ಹೇಳಿದಳು. “ಅವರು ಹೇಳ್ತಾರೆ... ಅವರ ಊರಲ್ಲಿ ಯಾರನ್ನೂ ಕರಿಯೋದೇ ಬೇಡ. ಎಲ್ಲರೂ ಬಂದಿರ್ತಾರೆ. ಜಗಳ ಆಡ್ತಾರೆ, ಬಟ್ ಬರ್ತಾರೆ. ಇಲ್ಲಿ ಯಾರೂ ಇಲ್ಲ. ಅದು ನಿನ್ನ ಫಾಲ್ಟ್ ಅಲ್ಲ ಅಂತ. ಬಟ್ ಶಿ ಈಸ್ ಸ್ಯಾಡ್, ಅಮ್ಮಾ. ನೀನು ಕೂಗ್ಬೇಡ.”

ಅವಳು ಅಷ್ಟೊಂದು ಕನ್ನಡ ಒಟ್ಟಿಗೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿಯೇ ಕಾರಿನ ಬಾಗಿಲು ತೆರೆದು ಮೂರ್ತಿಯೊಂದಿಗೆ ಇಳಿದರು. ದೋಣಿ ತಡೆಗೋಡೆಯ ಬಾಯಿಯವರೆಗೆ ಹೋಗಿ ನಿಂತಿತು. ಆಚೆ ಮಂಜಿನಲ್ಲಿ ಅಲೆ ಒಡೆಯುವ ಸದ್ದು ಮಾತ್ರ. ದೋಣಿಯವನು ಎಂಜಿನ್ ನಿಲ್ಲಿಸಿ ಟೋಪಿ ತೆಗೆದ. ಅಜ್ಜಿ ಅಣ್ಣನ ಹೆಸರನ್ನು ಎರಡು ಸಲ ಹೇಳಿದರು. ಎಸೆದ ಹೂ ಗೋಡೆಯ ಆಚೆ ಹೋಗದೆ ಗಾಳಿಗೆ ತಿರುಗಿ ದೋಣಿಯ ಪಕ್ಕಕ್ಕೇ ಬಂದು ಅಂಟಿಕೊಂಡಿತು. ಮಗಳು ಬಗ್ಗಿ ಅದನ್ನು ಕೈಯಿಂದ ತಳ್ಳಿದಳು, ಮತ್ತೆ ಬಂತು. “ಸಾಕು,” ಎಂದರು ಅಜ್ಜಿ.

ಹಿಂದಿರುಗುವಾಗ ಸೇತುವೆಯ ಮೇಲೆ ಅವರು ಕೇಳಿದರು. “ಮುಂದಿನ ವರ್ಷ ಬೇಗ ಅರ್ಜಿ ಹಾಕಿದರೆ?”

“ಇಲ್ಲ. ಇನ್ನು ನನ್ನ ಕೈಲಿ ಆಗುವುದಿಲ್ಲ,” ಎಂದೆ. ಸುಸ್ತಾಗಿತ್ತು, ಬಟ್ಟೆಯೆಲ್ಲ ಒದ್ದೆಯಾಗಿತ್ತು.

ಆಮೇಲೆ ಅಜ್ಜಿ ನನ್ನೊಂದಿಗೆ ಎಂದಿನಂತೆಯೇ ಇದ್ದರು. ನಿಂಬೆಹಣ್ಣು ಕೊಟ್ಟರು, ನಮ್ಮ ಕಸದ ಡಬ್ಬಿಯನ್ನೂ ರಸ್ತೆಯಿಂದ ಒಳಗೆ ತಂದಿಟ್ಟರು. ಕಡಲಿನ ಮಾತು ಮಾತ್ರ ತೆಗೆಯಲಿಲ್ಲ. ಈ ವರ್ಷ ಜುಲೈ ಬಂದಾಗ ನನಗೆ ಆಫೀಸಿನಲ್ಲಿ ಬಿಡುವಿರಲಿಲ್ಲ, ಹಬ್ಬದ ತಾರೀಖು ಮರೆತೇಹೋಗಿತ್ತು. ಆ ದಿನ ಸಂಜೆ, ಮನೆಯಲ್ಲೇ ಬಿಟ್ಟಿದ್ದ ಕಾರು ತೆಗೆದರೆ ಪಕ್ಕದ ಸೀಟಿನ ಕೆಳಗೆಲ್ಲ ಮರಳು. ಮಗಳಿಗೆ ಈಗ ಲೈಸೆನ್ಸ್ ಇದೆ.

“ಎಲ್ಲಿಗೆ ಹೋಗಿದ್ದೆ?”

“ಬೀಚಿಗೆ. ಅಜ್ಜಿ ಜೊತೆ.”

“ನನಗೆ ಹೇಳಬಹುದಿತ್ತಲ್ಲ?”

“ನೀನು ಆಗಲ್ಲ ಅಂದಿದ್ದೆ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಏನಾದರೂ ಹೇಳಿ ಜಗಳವಾಡಬಹುದಿತ್ತು. ಅಲ್ಲಿ ಏನು ಮಾಡಿದಿರಿ, ಹೂ ಕಡಲೊಳಗೆ ಹೋಯಿತೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.