ಬೀಗರಿಗೆ ಬೀಗ ಹಾಕಿಸಿದ ಗೇಟ್ ವಾಲ್ವ್

ನಾದಿನಿಯ ಕುಬಸದ, ಅಂದರೆ ಸೀಮಂತದ ದಿನ ಬೆಳಿಗ್ಗೆ ಬಚ್ಚಲಿನ ನಳ ಬುಡಕ್ಕೇ ಮುರಿದು ನನ್ನ ಕೈಗೆ ಬಂತು!

ನೀರು ಪಿಚಕಾರಿಯ ಹಾಗೆ ಎದುರಿನ ಗೋಡೆಗೆ... ಉಟ್ಟ ಹೊಸ ಸೀರೆ ಸಮೇತ ನಾನು ತೊಯ್ದು ತೊಪ್ಪೆ.

ಸೀರೆ ಹೋಗಲಿ. ಭಾಲ್ಕಿಯ ನಮ್ಮ ಓಣಿಗೆ ಹಿಂದಿನ ದಿನವಷ್ಟೇ ನೀರು ಬಂದಿತ್ತು, ಮತ್ತೆ ಬರುವುದು ಯಾವಾಗಲೋ. ಮೇಲಿನ ಟ್ಯಾಂಕ್ ಖಾಲಿಯಾದರೆ ಹಲಬರ್ಗಾದಿಂದ ಬರುವ ನಾದಿನಿಯ ಗಂಡನ ಮನೆಯವರಿಗೆ ಕಾಲು ತೊಳೆಯಲೂ ನೀರಿಲ್ಲ. ಬೀಗರ ಮುಂದೆ ಮರ್ಯಾದೆ ಪ್ರಶ್ನೆ!

ನಮ್ಮ ಯಜಮಾನರು ಸೋದರತ್ತೆಯನ್ನು ಕರೆತರಲು ಠಾಣಾ ಕುಶನೂರಿಗೆ ಹೋಗಿ, ವಾಪಸ್ ಬಸ್ಸಿನಲ್ಲಿದ್ದರು. ನಾನು ಪೈಪಿಗೆ ಟವೆಲ್ ಒತ್ತಿ ಹಿಡಿದೆ, ಅತ್ತೆ ಮಗನಿಗೆ ಫೋನ್ ಮಾಡಿದರು.

"ಅವ್ವಾ, ಮೊದಲ ಗೇಟ್ ವಾಲ್ ಬಂದ್ ಮಾಡು!" ಅಂದರಂತೆ. ಬಸ್ಸಿನ ಗದ್ದಲದಲ್ಲಿ ಅಷ್ಟೇ ಕೇಳಿದ್ದು.

ಅತ್ತೆ ಓಡಿದರು. ಏದುಸಿರು ಬಿಡುತ್ತಾ ವಾಪಸ್ ಬಂದರು.

"ಬಂದ್ ಮಾಡೀನವಾ. ಕೀಲಿನೂ ಹಾಕೀನಿ."

ವಾಲ್ವಿಗೆ ಎಲ್ಲಿಯ ಕೀಲಿ? ನೀರಂತೂ ನಿಂತಿಲ್ಲ...

ಅಷ್ಟರಲ್ಲಿ ಹೊರಗೆ ಧಡಧಡ ಸದ್ದು. "ಯಾಕ್ರೀ, ನಮ್ಮನ್ನ ಹೊರಗ ನಿಂದ್ರಿಸಿ ಕೀಲಿ ಹಾಕೀರಲ್ರಿ!" ಬೀಗಿತಿಯ ದನಿ.

ಹಾಲಿನವನು ದೂಧ್‌ವಾಲಾ, ತರಕಾರಿಯವನು ಭಾಜಿವಾಲಾ ಆಗಿರುವ ಊರು ನಮ್ಮದು. ಅತ್ತೆಗೆ ಕೇಳಿಸಿದ್ದು 'ಗೇಟ್‌ವಾಲಾ'. ಗೇಟಿಗೆ ಯಾವನೋ ಬಂದಿದ್ದಾನೆ, ಒಳಗೆ ಬಿಡಬೇಡ ಅಂತ ಮಗ ಹೇಳಿದ ಎಂದುಕೊಂಡು ಕಂಪೌಂಡ್ ಗೇಟಿಗೇ ಬೀಗ ಜಡಿದಿದ್ದರು!

ನಗುವುದಕ್ಕೂ ಪುರುಸೊತ್ತಿಲ್ಲ. ಅತ್ತೆ ಬೀಗ ತೆಗೆಯಲು ಓಡಿದರು. ತುಂಬು ಬಸುರಿ ನಾದಿನಿಯನ್ನು ಸ್ಟೂಲ್ ಮೇಲೆ ಕೂರಿಸಿ, ಕೈಗೆ ಟವೆಲ್ ಕೊಟ್ಟು ನಾನು ಮಾಳಿಗೆ ಹತ್ತಿದೆ.

ಟ್ಯಾಂಕಿನೊಳಗೆ ತೇಲುವ ಬಿಳಿ ಚೆಂಡು ಜೋತುಬಿದ್ದಿತ್ತು. ಅದೂ ಒಂದು ವಾಲ್ವೇ. ಟ್ಯಾಂಕ್ ತುಂಬಿದಾಗ ಮೇಲೆದ್ದು ಒಳಗೆ ಬರುವ ನೀರನ್ನು ತಡೆಯುತ್ತದೆ, ಹೊರಗೆ ಹೋಗುವ ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಕೆಳಗಿನ ಪೈಪಿಗೆ ಒಂದು ಕೆಂಪು ಚಕ್ರ. ಬಲಕ್ಕೆ ತಿರುಗಿಸಿದೆ, ತಿರುಗಿಸಿದೆ, ತಿರುಗಿಸುತ್ತಲೇ ಇದ್ದೇನೆ... ತಿರುಗಿದಂತೆಲ್ಲ ಒಳಗಿನ ಹಿತ್ತಾಳೆ ಬಿಲ್ಲೆ ಅಂಗಡಿಯ ಶಟರ್ ಹಾಗೆ ಇಳಿದು ನೀರಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಗೇಟ್ ಅನ್ನುವ ಹೆಸರು.

"ಕಮ್ಮಿ ಆಗ್ಲಿಕತ್ತದರಿ ವೈನಿ! ನಿಂತದರಿ!" ಕೆಳಗಿಂದ ನಾದಿನಿ ಕೂಗುತ್ತಾಳೆ.

ಇಣುಕಿದರೆ ಅರ್ಧ ಟ್ಯಾಂಕ್ ನೀರು ಉಳಿದಿತ್ತು. ಟ್ಯಾಂಕನ್ನೇ ತಬ್ಬಿಕೊಳ್ಳುವಷ್ಟು ಖುಷಿಯಾಯಿತು!

ಆದರೆ ಅದು ಇಡೀ ಮನೆಯ ವಾಲ್ವ್. ಅಡುಗೆಮನೆಯ ನಳವೂ ಒಣಗಿತು. ನೀರಿದೆ, ಆದರೆ ಕೆಳಗೆ ಬರುವ ಹಾಗಿಲ್ಲ.

ದಾರಿ ತೋರಿಸಿದ್ದು ಗೇಟಿನಲ್ಲಿ ನಿಂತು ಸಿಟ್ಟಾಗಿದ್ದ ಬೀಗಿತಿಯೇ. ಬಚ್ಚಲಿನ ಹೊರಗೋಡೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಉದ್ದ ಹಿಡಿಯ ಸಣ್ಣ ವಾಲ್ವ್ ಕಂಡಿತು ಅವರಿಗೆ.

"ನಮ್ಮ ಹೊಲದಾಗ ಡ್ರಿಪ್ ಪೈಪಿಗಿ ಇಂಥವೇ ಅವರಿ. ಹಿಡಿ ಪೈಪಿನ ಗುಂಟ ಇದ್ರ ಚಾಲೂ, ಅಡ್ಡ ಮಾಡಿದ್ರ ಬಂದ್." ಮಾತು ಮುಗಿಯುವ ಮೊದಲೇ ತಿರುಗಿಸಿಬಿಟ್ಟರು.

ಅದು ಬಾಲ್ ವಾಲ್ವ್. ಒಳಗೆ ತೂತಿರುವ ಗುಂಡು. ಹಿಡಿ ಅಡ್ಡವಾದರೆ ತೂತು ಪೈಪಿನ ಒಳಗೋಡೆಯ ಕಡೆ ಮುಖ ಮಾಡುತ್ತದೆ, ನೀರಿಗೆ ದಾರಿ ಮುಚ್ಚುತ್ತದೆ.

ಮತ್ತೆ ಮಾಳಿಗೆ ಹತ್ತಿ ಚಕ್ರ ಎಡಕ್ಕೆ ತಿರುಗಿಸಿದೆ. ಅಡುಗೆಮನೆಯಲ್ಲಿ ನೀರು ಬಂತು, ಬಚ್ಚಲಲ್ಲಿ ಒಂದು ಹನಿಯೂ ಇಲ್ಲ!

ಬೀಗರ ಕಾಲಿಗೆ ನೀರು ಕೊಟ್ಟೆವು, ಉಡಿ ತುಂಬಿದೆವು, ಹೋಳಿಗೆ ಊಟವಾಯಿತು. ಅತ್ತೆ ತಾವೇ ಗೇಟ್‌ವಾಲಾ ಕಥೆ ಹೇಳಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೊರಡುವಾಗ ಬೀಗಿತಿ ಅಂದರು: "ಇನ್ನೊಮ್ಮಿ ಕೀಲಿ ಹಾಕೂ ಮುಂದ ಒಂದು ಫೋನ್ ಮಾಡ್ರಿ, ಉಂಡೇ ಬರ್ತೇವಿ!"

ಅಂದ ಹಾಗೆ ನಿಮ್ಮ ಮನೆಯ ಮೇನ್ ವಾಲ್ವ್ ಎಲ್ಲಿದೆ... ಗಂಡನಿಗೆ ಫೋನ್ ಮಾಡದೆ ಹೇಳ್ತೀರಾ?