ಒಡೆಯದೆ ಉಳಿಸಿಕೊಂಡ ಬಚ್ಚಲ ಒಲೆ

"ಬುಡಕ್ಕ, ಒಂಟಿ ಹೆಂಗ್ಸು ಮನೆ ಮಾರೋದು ಆಗದ ಮಾತು" ಎಂದಿದ್ದ ಬ್ರೋಕರ್.

ಹುಣಸೂರಿನಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಟೈಲರಿಂಗ್ ಅಂಗಡಿ ಮಾರಾಟಕ್ಕೆ ಬಂದಿತ್ತು. ಅದನ್ನು ಕೊಳ್ಳಬೇಕಾದರೆ ನಾನೇ ಕಟ್ಟಿಸಿದ ಮನೆಯನ್ನು ಮಾರಲೇಬೇಕಿತ್ತು. ಗೋಡೆಗಳಿಗೆಲ್ಲ ನಾನೇ ಬಣ್ಣ ಹೊಡೆದೆ.

"ಬಚ್ಚಲ ಒಲೆ ಒಡ್ಸಿ ಗೀಸರ್ ಹಾಕ್ಸಿ. ಈ ಮಸಿ ನೋಡುದ್ರೆ ಯಾರೂ ತಗಳಲ್ಲ" ಎಂದ ಬ್ರೋಕರ್. ನಾನು ಒಪ್ಪಲಿಲ್ಲ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೊಳ್ಳುವವರು ಬರುವ ಹೊತ್ತಿಗೆ ಒಲೆ ಹಚ್ಚಿದೆ.

ಬಂದವನ ತಾಯಿ ಹೊಸ ಬಣ್ಣದತ್ತ ಕಣ್ಣೂ ಹಾಯಿಸದೆ ನೆಟ್ಟಗೆ ಬಚ್ಚಲಿಗೆ ನಡೆದರು. ಹಂಡೆಯ ಮುಚ್ಚಳ ಎತ್ತಿ, ಹಬೆಗೆ ಮುಖವೊಡ್ಡಿ, ಮಗನನ್ನು ಕರೆದರು:

"ನಿನ್ ತಂಗಿ ಬಾಣಂತನಕ್ಕೆ ಬತ್ತಾವ್ಳೆ. ಗೀಸರ್ ನೀರ್ನ ಸುರಿಯಕ್ಕಾಯ್ತದೇನ್ಲಾ? ಇದ್ನೇ ತಗೋ."

ಈಗ ಆ ಅಂಗಡಿ ನನ್ನ ಹೆಸರಿನಲ್ಲಿದೆ. ಮಲಗುವುದು ಮಾತ್ರ ಬಾಡಿಗೆ ಮನೆಯಲ್ಲಿ.